ಹಾಲುಹಲ್ಲಿನ ಬೇರನ್ನೂ ತೊಳೆಯಬೇಕೆ?

“ಹಾಲಲ್ಲು ತಾನೇ ಸಾರ್, ಎಂಗೂ ಬಿದ್ದೋಗೋದೇ. ಅದುಕ್ಕೆ ಮುಳಬಾಗ್ಲುಗಂಟ ಹೋಗಿ ದುಡ್ಡು ಸುರೀಬೇಕಾ? ನೀವೇ ಒಂದು ಔಷ್ದಿ ಬರ್ಕೊಡಿ.”

ಎಂಟು ವರ್ಷದ ಹಿಂದೆ ನಂಗಲಿಯ ನನ್ನ ಕ್ಲಿನಿಕ್ಕಿನಲ್ಲಿ, ನಾಲ್ಕೂವರೆ ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿಯೊಬ್ಬರು ಹೇಳಿದ ಮಾತಿದು. ಮಗುವಿನ ತಂದೆ ತಾಯಿ ಇಬ್ಬರೂ ಟೊಮೆಟೊ ಬಿಡಿಸಲು ಹೋಗಿದ್ದರು. ಕೆಳದವಡೆಯ ಕೊನೆಯ ಹಾಲುಹಲ್ಲು ಕಪ್ಪಗೆ ಹುಳುಕು ಹಿಡಿದು ಗುಳಿ ಬಿದ್ದಿತ್ತು. ಪಕ್ಕದ ಒಸಡಿನ ಮೇಲೆ ಜೋಳದ ಕಾಳಿನಷ್ಟು ಕೀವಿನ ಗುಳ್ಳೆ. ನಾನು ಐದು ದಿನದ ಆಂಟಿಬಯಾಟಿಕ್ ಸಿರಪ್ಪು ಬರೆದುಕೊಟ್ಟೆ. ಗುಳ್ಳೆ ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು, ಮತ್ತೆ ಅದೇ ಸಿರಪ್ಪು. ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಮಗು ಬಂದದ್ದು ರಾತ್ರಿ ಹತ್ತು ಗಂಟೆಗೆ. ಮೈ ಕೆಂಡದಂತೆ ಸುಡುತ್ತಿತ್ತು. ದವಡೆಯ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಬಾವು, ಬಾಯಿ ತೆರೆಯಲು ಆಗುತ್ತಿಲ್ಲ, ಜೊಲ್ಲು ನುಂಗಲೂ ಆಗುತ್ತಿಲ್ಲ. ಅದೇ ಗಳಿಗೆಯಲ್ಲಿ ಕೋಲಾರಕ್ಕೆ ಕಳುಹಿಸಿದೆ. ಮಗು ಉಳಿಯಿತು; ಹಲ್ಲು ಕೀಳಬೇಕಾಯಿತು.

ನಾನು ಹಲ್ಲಿನ ವೈದ್ಯನಲ್ಲ, ಸಾಮಾನ್ಯ ವೈದ್ಯ. ಆದರೆ ಹಳ್ಳಿಯಲ್ಲಿ ಹಲ್ಲುನೋವಿನ ಮಗು ಮೊದಲು ಬರುವುದು ನನ್ನಂಥವರ ಬಳಿಗೇ. ಅಂದು ಅಜ್ಜಿಯ ಮಾತಿಗೆ ನಾನು ಒಳಗೊಳಗೇ ಒಪ್ಪಿಕೊಂಡಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ತಪ್ಪು ತಿಳಿವಳಿಕೆ ಇನ್ನೊಂದು ಮನೆಯಲ್ಲಿ ಆಗದಿರಲೆಂದೇ ಈ ವಾರ ಹಾಲುಹಲ್ಲಿನ ಬೇರುನಾಳದ ವಿಷಯ ಬರೆಯುತ್ತಿದ್ದೇನೆ.

ಬೀಳುವ ಹಲ್ಲಿಗೆ ಇಷ್ಟು ಬೆಲೆ ಏಕೆ?

ಮಗುವಿಗೆ ಸುಮಾರು ಆರನೆಯ ತಿಂಗಳಲ್ಲಿ ಮೊದಲ ಹಾಲುಹಲ್ಲು ಮೂಡುತ್ತದೆ. ಎರಡೂವರೆ ವರ್ಷದ ಹೊತ್ತಿಗೆ ಒಟ್ಟು 20 ಹಲ್ಲುಗಳು ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ಆದರೆ ಹಿಂದಿನ ಅಗೆಯುವ ಹಾಲುಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೆಯ ವಯಸ್ಸಿಗೆ. ಅಂದರೆ ನಾಲ್ಕು ವರ್ಷದ ಮಗುವಿನ ಆ ಹಲ್ಲು ಇನ್ನೂ ಆರೆಂಟು ವರ್ಷ ದುಡಿಯಬೇಕು. ರಾಗಿಮುದ್ದೆ ನುಂಗಬಹುದು, ರೊಟ್ಟಿ, ಕಡಲೆಕಾಯಿ, ಸೌತೆಕಾಯಿ ಅಗೆಯದೆ ಆಗದು.

ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹಾಲುಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿರಿಸುತ್ತದೆ. ಆರನೆಯ ವಯಸ್ಸಿಗೆ ಯಾವ ಹಲ್ಲೂ ಬೀಳದೆಯೇ ಹಾಲುಹಲ್ಲುಗಳ ಹಿಂದುಗಡೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಮುಂದಿನ ಹಾಲುಹಲ್ಲನ್ನು ಮೊದಲೇ ಕಿತ್ತಿದ್ದರೆ ಈ ಹೊಸ ಹಲ್ಲು ಖಾಲಿ ಜಾಗಕ್ಕೆ ಸರಿದು ಬರುತ್ತದೆ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿ ಕೆಳಗಿಳಿದವರು ತಿರುಗಿ ಬರುವಷ್ಟರಲ್ಲಿ ಇನ್ನೊಬ್ಬರು ಕೂತಿದ್ದರೆ ಹೇಗೋ ಹಾಗೆ. ತಡವಾಗಿ ಬರುವ ಶಾಶ್ವತ ಹಲ್ಲು ಒಳಗೋ ಹೊರಗೋ ಸೊಟ್ಟಗೆ ಹುಟ್ಟಬೇಕಾಗುತ್ತದೆ.

ಮೂರನೆಯದು ಕೀವಿನ ಮಾತು. ಹಾಲುಹಲ್ಲಿನ ಬೇರುಗಳ ನಡುವೆಯೇ ಶಾಶ್ವತ ಹಲ್ಲಿನ ಮೊಗ್ಗು ಕೂತಿರುತ್ತದೆ. ಮೇಲೆ ಕೀವು ನಿಂತರೆ ಕೆಳಗಿನ ಎಳೆಯ ಹಲ್ಲಿನ ಎನಾಮಲ್ ಕೆಡುತ್ತದೆ. ಅಂಥ ಹಲ್ಲು ಹುಟ್ಟುವಾಗಲೇ ಕಂದು ಕಲೆ, ಗುಳಿಗಳನ್ನು ಹೊತ್ತು ಬರುತ್ತದೆ. ಇದಕ್ಕೆ ಟರ್ನರ್ ಹಲ್ಲು ಎಂದು ಹೆಸರು. ನಮ್ಮ ಕೋಲಾರ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹೀಗಾಗಿ ಹಲ್ಲಿನ ಎಲ್ಲ ಕಲೆಗಳನ್ನೂ ನೀರಿನ ಲೆಕ್ಕಕ್ಕೆ ಬರೆದುಬಿಡುವ ರೂಢಿ ಇದೆ. ಫ್ಲೋರೈಡಿನ ಕಲೆ ಸಾಮಾನ್ಯವಾಗಿ ಎಡಬಲ ಎರಡೂ ಕಡೆಯ ಹಲ್ಲುಗಳಲ್ಲಿ ಜೋಡಿಯಾಗಿ ಕಾಣುತ್ತದೆ. ಒಂದೇ ಒಂದು ಹಲ್ಲು ಕೆಟ್ಟು ಹುಟ್ಟಿದ್ದರೆ ಅದರ ಮೇಲಿದ್ದ ಹಾಲುಹಲ್ಲಿನ ಚರಿತ್ರೆಯನ್ನು ಕೇಳಬೇಕು.

ಹುಳ ಎಲ್ಲಿದೆ?

ನಮ್ಮಲ್ಲಿ ಹುಳುಕು ಹಲ್ಲು ಎನ್ನುತ್ತೇವೆ; ಗಡಿಯಾಚೆ ಪಲಮನೇರಿನ ಕಡೆಯವರು ಪಿಪ್ಪಿ ಪಳ್ಳು ಎನ್ನುತ್ತಾರೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಜಾತ್ರೆಯಲ್ಲಿ ಹೊಗೆ ಹಾಕಿ ಹುಳ ಉದುರಿಸಿ ತೋರಿಸುವುದು ಕೈಚಳಕ. ಹಲ್ಲಿಗೆ ಅಂಟಿದ ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಎನಾಮಲನ್ನು ಕರಗಿಸುತ್ತದೆ. ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ. ಒಳಗಿನ ತಿರುಳು ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಆದ್ದರಿಂದ ಹುಳುಕು ಕೆಲವೇ ತಿಂಗಳಲ್ಲಿ ತಿರುಳನ್ನು ಮುಟ್ಟುತ್ತದೆ.

ತಿರುಳೆಂದರೆ ನರ, ರಕ್ತನಾಳಗಳಿರುವ ಮೆತ್ತನೆಯ ಭಾಗ. ಅದು ಹಲ್ಲಿನ ತಲೆಯಿಂದ ಬೇರಿನ ತುದಿಯವರೆಗೆ ಸಣ್ಣ ನಾಳದಲ್ಲಿ ಇಳಿದಿರುತ್ತದೆ. ಸೋಂಕು ಮೇಲಿನ ಭಾಗದಲ್ಲಷ್ಟೇ ಇದ್ದರೆ ಆ ಭಾಗದ ತಿರುಳನ್ನು ಮಾತ್ರ ತೆಗೆದು ಔಷಧಿ ಇಟ್ಟು ಮುಚ್ಚಬಹುದು. ಇಡೀ ತಿರುಳು ಕೆಟ್ಟಿದ್ದರೆ, ಸತ್ತು ಕೀವಾಗಿದ್ದರೆ, ಬೇರುನಾಳಗಳನ್ನೇ ಖಾಲಿ ಮಾಡಿ ಶುದ್ಧಗೊಳಿಸಬೇಕು. ರಾತ್ರಿ ಮಲಗಿದಾಗ ತಾನಾಗಿ ಬರುವ ನೋವು, ಒಸಡಿನ ಮೇಲಿನ ಕೀವುಗುಳ್ಳೆ, ಹಲ್ಲು ಅಲುಗಾಡುವುದು ಇವು ಅದರ ಸೂಚನೆಗಳು. ಒಂದು ಎಚ್ಚರಿಕೆ: ನೋವು ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ. ನರ ಸತ್ತರೂ ನೋವು ನಿಲ್ಲುತ್ತದೆ.

ಸಿರಪ್ಪು ಏಕೆ ಸಾಲದು?

ನುಂಗಿದ ಔಷಧಿ ರೋಗದ ಜಾಗಕ್ಕೆ ಹೋಗುವುದು ರಕ್ತದ ಮೂಲಕ. ಸತ್ತ ತಿರುಳಿನಲ್ಲಿ ರಕ್ತ ಹರಿಯುವುದಿಲ್ಲ. ಹೀಗಾಗಿ ಆಂಟಿಬಯಾಟಿಕ್ ಹಲ್ಲಿನ ಸುತ್ತಲಿನ ಬಾವನ್ನು ಇಳಿಸೀತೇ ಹೊರತು ನಾಳದೊಳಗೆ ಕೂತ ಸೋಂಕನ್ನು ಮುಟ್ಟದು. ಔಷಧಿ ನಿಲ್ಲಿಸಿದೊಡನೆ ಒಳಗಿನವು ಮತ್ತೆ ಹೊರಬರುತ್ತವೆ. ನಾನು ಮೂರು ಸಲ ಮಾಡಿದ್ದು ಇದನ್ನೇ: ತೊಟ್ಟಿಯ ಒಳಗೆ ಇಲಿ ಸತ್ತಿರುವಾಗ ಅಂಗಳಕ್ಕೆ ಫಿನಾಯಿಲ್ ಹಾಕುವ ಕೆಲಸ. ಜ್ವರ, ಮುಖದ ಬಾವು ಇದ್ದಾಗ ಆಂಟಿಬಯಾಟಿಕ್ ಖಂಡಿತ ಬೇಕು. ಆದರೆ ಅದು ಹಲ್ಲಿನ ಚಿಕಿತ್ಸೆಗೆ ಬದಲಿಯಲ್ಲ.

ನಾಳವನ್ನು ಹೇಗೆ ತೊಳೆಯುತ್ತಾರೆ?

ಈ ಚಿಕಿತ್ಸೆಯನ್ನು ಪರಿಚಯದ ದಂತವೈದ್ಯೆಯೊಬ್ಬರ ಪಕ್ಕದಲ್ಲಿ ನಿಂತು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಎಕ್ಸ್‌ರೇ. ಬೇರು ಎಷ್ಟು ಉಳಿದಿದೆ, ಕೆಳಗಿನ ಹಲ್ಲು ಎಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್. ನಂತರ ಹಲ್ಲಿನ ಸುತ್ತ ತೆಳು ರಬ್ಬರಿನ ಹಾಳೆಯೊಂದನ್ನು ಬಿಗಿಯುತ್ತಾರೆ. 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫೋರ್ಡ್ ಬಾರ್ನಂ ಎಂಬ ದಂತವೈದ್ಯ ಕಂಡುಹಿಡಿದ ಈ ರಬ್ಬರ್ ಡ್ಯಾಮ್ ಇಂದಿಗೂ ಹಳತಾಗಿಲ್ಲ. ಜೊಲ್ಲು ನಾಳಕ್ಕೆ ಇಳಿಯದಂತೆ, ಔಷಧಿ ಮತ್ತು ಸಣ್ಣ ಸಲಕರಣೆಗಳು ಮಗುವಿನ ಗಂಟಲಿಗೆ ಜಾರದಂತೆ ಅದು ತಡೆಯುತ್ತದೆ.

ಮುಂದೆ ಕೂದಲೆಳೆಯಂಥ ಫೈಲುಗಳಿಂದ ಕೊಳೆತ ತಿರುಳನ್ನು ತೆಗೆಯುತ್ತಾರೆ. ಇಲ್ಲೇ ಹಾಲುಹಲ್ಲಿನ ತೊಡಕು ಇರುವುದು. ದೊಡ್ಡವರ ಹಲ್ಲಿನ ನಾಳ ಬಹುಮಟ್ಟಿಗೆ ಕೊಳವೆಯಂತಿದ್ದರೆ, ಹಾಲುಹಲ್ಲಿನದು ರಿಬ್ಬನ್ನಿನಂತೆ ಚಪ್ಪಟೆ, ಡೊಂಕು. ಅಕ್ಕಪಕ್ಕಕ್ಕೆ ಎಳೆಎಳೆಯಾಗಿ ಕವಲೊಡೆದಿರುತ್ತದೆ. ಬೇರುಗಳು ಸೇರುವ ಜಾಗದಲ್ಲೂ ಸೂಕ್ಷ್ಮ ರಂಧ್ರಗಳಿರುತ್ತವೆ. ಮಕ್ಕಳಲ್ಲಿ ಕೀವು ಹಲವು ಸಲ ಅಲ್ಲಿಂದಲೇ ಹೊರಬೀಳುತ್ತದೆ. ಈ ಸಂದುಗಳಿಗೆಲ್ಲ ಫೈಲು ಹೋಗಲಾರದು. ಹೆಚ್ಚು ಉಜ್ಜಿದರೆ ತೆಳುವಾದ ಬೇರೇ ತೂತಾದೀತು. ಆದ್ದರಿಂದ ಅರ್ಧ ಕೆಲಸ ಫೈಲಿನದು, ಉಳಿದರ್ಧ ತೊಳೆಯುವ ದ್ರಾವಣದ್ದು.

ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೊಮೆಟೊ ತೋಟದ ಡ್ರಿಪ್ ಪೈಪು ಕಟ್ಟಿಕೊಂಡಾಗ ಒಳಗೆ ಕಡ್ಡಿ ಆಡಿಸಿದರೆ ಸಾಲದು. ಆಮ್ಲವನ್ನೋ ಕ್ಲೋರಿನ್ನನ್ನೋ ಬಿಟ್ಟು ಕಲ್ಮಶ ಕರಗಿಸಿ ಹೊರಹಾಕಬೇಕು. ಹಲ್ಲಿನಲ್ಲೂ ಅದೇ ತತ್ವ. ಒಂದೇ ವ್ಯತ್ಯಾಸವೆಂದರೆ, ಡ್ರಿಪ್ ಪೈಪಿನ ತುದಿಯ ಮುಚ್ಚಳ ತೆಗೆದು ಜೋರಾಗಿ ನೀರು ಬಿಡುತ್ತೇವೆ. ಹಲ್ಲಿನ ಬೇರಿನ ತುದಿ ತೆರೆದುಕೊಳ್ಳುವುದು ದವಡೆಯ ಮೂಳೆಗೆ, ಹೊಸ ಹಲ್ಲಿನ ಬಳಿಗೆ. ಅಲ್ಲಿ ಜೋರು ಮಾಡುವಂತಿಲ್ಲ.

ಯಾವ ದ್ರಾವಣ?

ಬಹಳ ಕಾಲದಿಂದ ಬಳಕೆಯಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಕೊರೊನಾ ಬಂದ 2020ರಲ್ಲಿ ಪಂಚಾಯಿತಿಯವರು ಬೀದಿಬೀದಿಗೆ ಸಿಂಪಡಿಸಿದ್ದು ಇದನ್ನೇ. ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದರ ಹತ್ತಿರದ ಸಂಬಂಧಿ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಕೊಳೆತ ಗಾಯಗಳನ್ನು ತೊಳೆಯಲು ಹೆನ್ರಿ ಡೇಕಿನ್ ಎಂಬ ರಸಾಯನ ವಿಜ್ಞಾನಿ ಶೇ. 0.5ರ ದ್ರಾವಣವನ್ನು ಸಿದ್ಧಪಡಿಸಿದ. ಅಲೆಕ್ಸಿ ಕ್ಯಾರೆಲ್ ಎಂಬ ಶಸ್ತ್ರವೈದ್ಯನ ಜೊತೆಗೂಡಿ ಫ್ರಾನ್ಸಿನ ಆಸ್ಪತ್ರೆಯಲ್ಲಿ ಅದನ್ನು ಬಳಕೆಗೆ ತಂದ. ಗಾಯಕ್ಕೆ ಒದಗಿದ್ದು ಮುಂದೆ ಹಲ್ಲಿಗೂ ಒದಗಿತು.

ಇದರ ದೊಡ್ಡ ಗುಣ ಎರಡು. ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಜೊತೆಗೆ ಸತ್ತ ತಿರುಳಿನ ಚೂರುಗಳನ್ನೇ ಕರಗಿಸುತ್ತದೆ. ಫೈಲು ತಲುಪದ ಸಂದಿಗೆ ಈ ಎರಡನೆಯ ಗುಣವೇ ಆಧಾರ. ದೋಷವೂ ಅಲ್ಲೇ ಇದೆ. ಕೊಳೆತದ್ದನ್ನು ಕರಗಿಸುವುದು ಜೀವಂತ ಮಾಂಸವನ್ನೂ ಸುಡುತ್ತದೆ. ಬೇರಿನ ತುದಿ ದಾಟಿ ಹೊರಗೆ ಹೋದರೆ ಒಡನೆಯೇ ತೀವ್ರ ನೋವು, ಮುಖದ ಬಾವು ಬರುತ್ತವೆ. ಹಾಲುಹಲ್ಲಿನ ಬೇರು ತುದಿಯಿಂದ ತಾನಾಗಿ ಸವೆಯುತ್ತಿರುವುದರಿಂದ ಈ ಅಪಾಯ ಹೆಚ್ಚು. ಆದಕಾರಣ ಮಕ್ಕಳಲ್ಲಿ ಅನೇಕ ವೈದ್ಯರು ಶೇ. 1ರಂಥ ತೆಳು ದ್ರಾವಣ ಬಳಸುತ್ತಾರೆ. ಪಕ್ಕದಲ್ಲಿ ರಂಧ್ರವಿರುವ ಸೂಜಿಯನ್ನು ಬೇರಿನ ತುದಿಗಿಂತ ಮೊದಲೇ ನಿಲ್ಲಿಸಿ, ಒತ್ತದೆ, ನಿಧಾನವಾಗಿ ಬಿಡುತ್ತಾರೆ.

ಇನ್ನೊಂದು ಕ್ಲೋರ್‌ಹೆಕ್ಸಿಡಿನ್, ಸಾಮಾನ್ಯವಾಗಿ ಶೇ. 2ರದು. ಇದು ಮಾಂಸಕ್ಕೆ ಅಷ್ಟು ಉರಿಯಲ್ಲ. ಹಲ್ಲಿನ ಗೋಡೆಗೆ ಅಂಟಿಕೊಂಡು ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಆದರೆ ಸತ್ತ ತಿರುಳನ್ನು ಕರಗಿಸಲಾರದು. ಇವೆರಡನ್ನೂ ಒಂದರ ಮೇಲೊಂದು ಬಿಟ್ಟರೆ ಕಂದು ಬಣ್ಣದ ಗಸಿ ಕಟ್ಟಿ ನಾಳ ಮುಚ್ಚುತ್ತದೆ. ಎರಡನ್ನೂ ಬಳಸುವುದಾದರೆ ನಡುವೆ ಸಲೈನಿನಿಂದ ಚೆನ್ನಾಗಿ ತೊಳೆಯಬೇಕು. ಸಲೈನ್ ಒಂದೇ ಸಾಕೆ ಎಂದು ಕೇಳುವವರಿದ್ದಾರೆ. ಅದು ಕಸವನ್ನು ಹೊರಗೆ ಹರಿಸುತ್ತದೆ, ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ.

ನಾಳದಲ್ಲೇ ಆಂಟಿಬಯಾಟಿಕ್ ಇಡುವ ದಾರಿಯೂ ಉಂಟು. ಜಪಾನಿನ ನೀಗಾತ ವಿಶ್ವವಿದ್ಯಾನಿಲಯದವರು ಮೂರು ಔಷಧಿಗಳನ್ನು ಬೆರೆಸಿದ ಲೇಪವೊಂದನ್ನು ರೂಪಿಸಿದರು. ಬೇರು ಸವೆದು ಪೂರ್ಣ ಚಿಕಿತ್ಸೆ ಸಾಧ್ಯವಿಲ್ಲದಾಗ, ಹಲ್ಲನ್ನು ಇನ್ನೂ ಕೆಲವು ತಿಂಗಳು ಉಳಿಸಿಕೊಳ್ಳಲು ಇದನ್ನು ಇಡುವುದುಂಟು. ಮೂರರಲ್ಲಿ ಒಂದು ಟೆಟ್ರಾಸೈಕ್ಲಿನ್ ಜಾತಿಯದಾದ್ದರಿಂದ ಹಲ್ಲು ಕಪ್ಪಾಗುವ ತೊಂದರೆ ಇದೆ. ಅದಕ್ಕೆ ಬದಲಾಗಿ ಬೇರೆ ಔಷಧಿ ಸೇರಿಸುವವರೂ ಇದ್ದಾರೆ.

ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಮೇಲು? 2018ರಲ್ಲಿ ಕಾಕ್ರೇನ್ ಸಂಸ್ಥೆ ಹಾಲುಹಲ್ಲಿನ ತಿರುಳು ಚಿಕಿತ್ಸೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಪೂರ್ತಿ ತಿರುಳು ತೆಗೆಯುವ ಚಿಕಿತ್ಸೆಯಲ್ಲಿ ಇಂಥದೇ ಔಷಧಿ ಶ್ರೇಷ್ಠವೆಂದು ಖಚಿತವಾಗಿ ಹೇಳುವಷ್ಟು ಆಧಾರ ಸಿಗಲಿಲ್ಲ. ಆದ್ದರಿಂದ ‘ಲೇಸರ್ ಇದೆಯೇ, ವಿದೇಶಿ ಔಷಧಿ ಇದೆಯೇ’ ಎಂದು ಹುಡುಕಿ ಅಲೆಯಬೇಕಾಗಿಲ್ಲ. ವೈದ್ಯರ ತಾಳ್ಮೆ, ರಬ್ಬರ್ ಡ್ಯಾಮ್, ಸರಿಯಾದ ಎಕ್ಸ್‌ರೇ ಇವೇ ಮುಖ್ಯ.

ತೊಳೆದ ಮೇಲೆ

ಒಣಗಿಸಿದ ನಾಳಕ್ಕೆ ಲೇಪ ತುಂಬುತ್ತಾರೆ. ದೊಡ್ಡವರ ಹಲ್ಲಿಗೆ ತುಂಬುವ ಗಟ್ಟಿ ರಬ್ಬರಿನಂಥ ಗಟ್ಟಾಪರ್ಚ ಇಲ್ಲಿ ಸಲ್ಲದು. ಹಾಲುಹಲ್ಲಿನ ಬೇರು ಕರಗುವಾಗ ತುಂಬಿದ್ದೂ ಕರಗಬೇಕು. ಇಲ್ಲವಾದರೆ ಹೊಸ ಹಲ್ಲಿಗೆ ಅಡ್ಡಿ. ಜಿಂಕ್ ಆಕ್ಸೈಡ್ ಮತ್ತು ಯೂಜಿನಾಲ್ ಲೇಪ, ಇಲ್ಲವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಅಯೋಡೋಫಾರ್ಮ್ ಲೇಪ ಬಳಕೆಯಲ್ಲಿವೆ. ಯೂಜಿನಾಲ್ ಎಂದರೆ ಬೇರೇನಲ್ಲ, ನಮ್ಮ ಲವಂಗದ ಎಣ್ಣೆಯ ಸಾರ. ಕೊನೆಗೆ ಹಲ್ಲಿಗೆ ಸ್ಟೀಲಿನ ಟೋಪಿ ಹಾಕಿಸಬೇಕು. ಖರ್ಚು ಉಳಿಸಲು ಹಲವರು ಬಿಟ್ಟುಬಿಡುವುದು ಇದನ್ನೇ. ಟೋಪಿಯಿಲ್ಲದ ಹಲ್ಲು ಒಡೆದು ಸೋಂಕು ಮತ್ತೆ ಒಳಹೊಕ್ಕರೆ ಮಾಡಿದ್ದೆಲ್ಲ ವ್ಯರ್ಥ.

ಚಿಕಿತ್ಸೆ ಮುಗಿದ ದಿನ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ. ಮಗು ಆಟವೆಂಬಂತೆ ತುಟಿ ಕಚ್ಚಿ ಗಾಯ ಮಾಡಿಕೊಳ್ಳುವುದು ಸಾಮಾನ್ಯ. ಮರಗಟ್ಟು ಬಿಡುವವರೆಗೆ ತಿನ್ನಲು ಕೊಡದೆ ಪಕ್ಕದಲ್ಲೇ ಇರಿ.

ಯಾರಿಗೆ ಕೀಳುವುದೇ ಲೇಸು?

ಬೇರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ, ಟೋಪಿ ಕೂರಿಸಲೂ ಆಗದಷ್ಟು ಹಲ್ಲು ಮುರಿದಿದ್ದರೆ, ಹೊಸ ಹಲ್ಲು ಹತ್ತಿರ ಬಂದಿದ್ದರೆ ಕೀಳುವುದೇ ಸರಿ. ಬೇಗ ಕಿತ್ತರೆ ಜಾಗ ಕಾಯುವ ತಂತಿಯ ಸಾಧನವನ್ನು ಹಾಕಿಸಬೇಕೇ ಎಂದು ಕೇಳಿಕೊಳ್ಳಿ. ಹುಟ್ಟಿನಿಂದ ಹೃದಯದ ತೊಂದರೆ ಇರುವ, ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟಿರುವ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಲ್ಲಿ ಉಳಿದ ಚೂರು ಸೋಂಕೂ ಅಪಾಯಕಾರಿ. ಇಂಥ ಕಾಯಿಲೆ ಇದ್ದರೆ ದಂತವೈದ್ಯರು ಕೇಳುವ ಮೊದಲೇ ಹೇಳಿ. ಹಳೆಯ ಚೀಟಿಗಳನ್ನು ಕೊಂಡೊಯ್ಯಿರಿ.

ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು

ನೋವಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟರೆ ಒಸಡು ಸುಡುತ್ತದೆ. ಎಕ್ಕದ ಹಾಲು, ಹೊಗೆಸೊಪ್ಪು, ಕರ್ಪೂರ ಯಾವುದನ್ನೂ ಹಲ್ಲಿಗೆ ಇಡಬೇಡಿ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಮನೆಯಲ್ಲಿರುವ ಬ್ಲೀಚಿಂಗ್ ದ್ರಾವಣ ಬಾಯಿ ತೊಳೆಯುವ ವಸ್ತುವಲ್ಲ; ಹಲ್ಲಿನ ನಾಳಕ್ಕೆ ಹಾಕುತ್ತಾರೆಂದು ಓದಿ ಯಾರೂ ಪ್ರಯೋಗಕ್ಕೆ ಇಳಿಯಕೂಡದು.

ಕೆಲವು ಸೂಚನೆಗಳಿಗೆ ಬೆಳಗಾಗುವವರೆಗೂ ಕಾಯುವಂತಿಲ್ಲ. ಬಾವು ಕಣ್ಣಿನ ಕಡೆಗೋ ದವಡೆಯ ಕೆಳಗೋ ಹರಡುವುದು, ಬಾಯಿ ತೆರೆಯಲಾಗದಿರುವುದು, ಜೊಲ್ಲು ನುಂಗಲಾಗದಿರುವುದು, ಉಸಿರಿಗೆ ಕಷ್ಟ, ಜ್ವರದಿಂದ ಮಂಕಾಗಿರುವುದು. ಇವುಗಳಲ್ಲಿ ಒಂದು ಕಂಡರೂ ದೊಡ್ಡ ಆಸ್ಪತ್ರೆಗೆ ಹೊರಡಿ.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಮೊದಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೆಂದೇ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದಾಗ ಹಲ್ಲನ್ನೂ ನೋಡುತ್ತವೆ. ಅವರು ಬರೆದುಕೊಟ್ಟ ಚೀಟಿಯನ್ನು ಗೂಡಿನಲ್ಲಿಟ್ಟು ಮರೆಯಬೇಡಿ.

ಎಲ್ಲಕ್ಕಿಂತ ಅಗ್ಗವಾದದ್ದು ನಾಳ ತೊಳೆಸುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ರಾತ್ರಿ ಮಲಗುವ ಮುನ್ನ ಹಲ್ಲನ್ನು ನೀವೇ ಉಜ್ಜಿ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಆ ಕೆಲಸ ಬಿಡಬೇಡಿ. ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಪೇಸ್ಟಿನ ವಿಷಯ ದಂತವೈದ್ಯರನ್ನು ಕೇಳಿ ನಿರ್ಧರಿಸುವುದು ಒಳ್ಳೆಯದು.

ಆ ಹುಡುಗನಿಗೆ ಈಗ ಹನ್ನೆರಡು ವರ್ಷ. ಹಿಂದಿನ ದವಡೆಹಲ್ಲು ಮುಂದೆ ಸರಿದು ಜಾಗ ಮುಚ್ಚಿದೆ. ಅಲ್ಲಿ ಬರಬೇಕಾದ ಹಲ್ಲು ನಾಲಿಗೆಯ ಕಡೆ ವಾಲಿ, ಕಂದು ಗುಳಿಯೊಂದಿಗೆ ಹುಟ್ಟಿದೆ. ಅವನು ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕಳೆದ ವರ್ಷ ಅದೇ ಅಜ್ಜಿ ಅವನ ಐದು ವರ್ಷದ ತಂಗಿಯನ್ನು ಕರೆತಂದರು. ಅದೇ ಹಲ್ಲು, ರಾತ್ರಿಯ ನೋವು. ಗುಳ್ಳೆ ಇನ್ನೂ ಎದ್ದಿರಲಿಲ್ಲ. ಈ ಸಲ ನಾನು ಸಿರಪ್ಪು ಬರೆಯಲಿಲ್ಲ, ದಂತವೈದ್ಯೆಗೆ ಚೀಟಿ ಬರೆದೆ. ನಾನು ಪಕ್ಕದಲ್ಲಿ ನಿಂತು ನೋಡಿದ್ದು ಆ ಮಗುವಿನ ಚಿಕಿತ್ಸೆಯನ್ನೇ. ಎರಡು ಸಲ ಹೋಗಿಬಂದರು. ಅಜ್ಜಿಯ ಎರಡು ದಿನದ ಕೂಲಿ ಹೋಯಿತು.

ಮೊನ್ನೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಆ ಅಜ್ಜಿ ಪಕ್ಕದ ಹೆಂಗಸಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: “ಹಾಲಲ್ಲು ಅಂತ ಬುಟ್ಬುಡಬ್ಯಾಡ ಕಣಮ್ಮ. ನಮ್ಮ ಹುಡುಗುನ್ ಬಾಯಿ ನೋಡು, ಆಮ್ಯಾಕೆ ಮಾತಾಡು.”